ಬರೆಯದೆ ಬಿಟ್ಟ ಗಂಟೆಗಳು

ಯೂರೋಪಿನ ಹೆದ್ದಾರಿಗಳಲ್ಲಿ ಸರಕು ಹೊತ್ತು ಸಾಗುವ ಭಾರೀ ಲಾರಿಗಳಲ್ಲಿ, ಚಾಲಕನ ಕೈಗೆಟಕುವಂತೆ, ಟ್ಯಾಕೋಗ್ರಾಫ್ ಎಂಬ ಪುಟ್ಟ ಯಂತ್ರವೊಂದನ್ನು ಜೋಡಿಸಿರುತ್ತಾರೆ. ವಾಹನದ ವೇಗವನ್ನೂ ಕ್ರಮಿಸಿದ ದೂರವನ್ನೂ ಚಾಲಕನು ದುಡಿದ ಹಾಗೂ ದಣಿವಾರಿಸಿಕೊಂಡ ವೇಳೆಯನ್ನೂ ಅದು ನಿರ್ದಾಕ್ಷಿಣ್ಯವಾಗಿ ದಾಖಲಿಸುತ್ತದೆ. ಹಿಂದೆ ಮೇಣ ಲೇಪಿಸಿದ ಕಾಗದದ ಬಿಲ್ಲೆಯ ಮೇಲೆ ಸೂಜಿಯೊಂದು 24 ಗಂಟೆಗಳ ವೃತ್ತಾಂತವನ್ನು ಗೀರುತ್ತಿದ್ದಿತು. 2006ರ ಮೇ 1ರಿಂದ ಹೊಸ ಲಾರಿಗಳಿಗೆ ಡಿಜಿಟಲ್ ಯಂತ್ರವು ಕಡ್ಡಾಯವಾದ ತರುವಾಯ ಆ ಭಾರವನ್ನು ಚಾಲಕನ ಹೆಸರಿನ ಕಾರ್ಡು ವಹಿಸಿಕೊಂಡಿತು.

ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷಗಳ ವಿರಾಮ. ದಿನಕ್ಕೆ 9 ಗಂಟೆಗಳ ಚಾಲನೆ, ವಾರದಲ್ಲಿ ಎರಡು ದಿನ ಮಾತ್ರ 10. ಎರಡು ವಾರಕ್ಕೆ ಒಟ್ಟು 90. ಪ್ರತಿದಿನ ಸಾಮಾನ್ಯವಾಗಿ 11 ಗಂಟೆಗಳ ವಿಶ್ರಾಂತಿ: ಇವು ಅಲ್ಲಿಯ ಶಾಸನದ ಎಲ್ಲೆಗಳು. ನಮ್ಮ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೂ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ದುಡಿಮೆಯನ್ನು ನಿಗದಿಪಡಿಸಿದ್ದುದರಿಂದ ಇವುಗಳ ಉದ್ದೇಶ ನಮಗೆ ಅಪರಿಚಿತವೇನಲ್ಲ.

ಎಲ್ಲೆ ಮೀರಿದವನಿಗೆ ದಂಡ ಬೀಳುವುದು ನ್ಯಾಯವೇ. ಆದರೆ ಎಲ್ಲೆ ಮೀರದ ಪ್ರಾಮಾಣಿಕನೂ ಕೇವಲ ಮರೆವಿನಿಂದ ಅಪರಾಧಿಯಂತೆ ಕಾಣಿಸಿಕೊಳ್ಳುವುದುಂಟು. ಲಾರಿ ನಿಂತೊಡನೆ ಯಂತ್ರವು ತಾನಾಗಿಯೇ ಅಡ್ಡಡ್ಡ ಸುತ್ತಿಗೆಗಳ ಚಿಹ್ನೆಗೆ, ಎಂದರೆ 'ಇತರ ಕೆಲಸ'ಕ್ಕೆ, ಹೊರಳುತ್ತದೆ. ಹಾಸಿಗೆಯ ಚಿಹ್ನೆಯನ್ನು ಒತ್ತದೆ ಮಲಗಿದವನು ರಾತ್ರಿಯೆಲ್ಲ ಗಾಢವಾಗಿ ನಿದ್ರಿಸಿದ್ದರೂ ಕಾರ್ಡಿನ ಲೆಕ್ಕದಲ್ಲಿ ಬೆಳಗಿನವರೆಗೆ ಮೈಮುರಿದು ದುಡಿದವನೇ! ಇನ್ನು ಕಾರ್ಡನ್ನು ಹೊರತೆಗೆದು ಹೋದವನು ಮರುದಿನ ಅದನ್ನು ತೂರಿಸುವಾಗ, ನಡುವಣ ವೇಳೆಯಲ್ಲಿ ಏನು ಮಾಡಿದೆಯೆಂದು ಯಂತ್ರವು ಕೇಳುವ ಪ್ರಶ್ನೆಗೆ ಅವಸರದಲ್ಲಿ ಉತ್ತರಿಸದೆ ಮುಂದುವರಿದರೆ, ಆ ಅವಧಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆಯೊಂದು ಉಳಿದುಬಿಡುತ್ತದೆ. ತನಿಖಾಧಿಕಾರಿಯ ದೃಷ್ಟಿ ಮೊದಲು ಬೀಳುವುದು ಅಂಥ ತೆರವುಗಳ ಮೇಲೆಯೇ.

ಇದಕ್ಕೆ ಪರಿಹಾರವು ಸರಳ. ತಪ್ಪಾಯಿತೆಂದು ತಿಳಿದ ಕ್ಷಣವೇ ಯಂತ್ರದಿಂದ ಚೀಟಿಯನ್ನು ಮುದ್ರಿಸಿ, ಅದರ ಬೆನ್ನಿನ ಮೇಲೆ ಕಾರಣ ಬರೆದು ಸಹಿ ಮಾಡುವುದು. ಅದು ಶಾಖಕ್ಕೆ ಕಪ್ಪಾಗುವ ಕಾಗದವಾದುದರಿಂದ ಗಾಜಿನ ಮೂಲಕ ಬೀಳುವ ಬಿಸಿಲಿಗೆ ಬಿಡದೆ ಲಕೋಟೆಯಲ್ಲಿಡುವುದು. ಕಾರ್ಡು ಕಳೆದುಹೋದರೆ 7 ದಿನಗಳೊಳಗೆ ಹೊಸದಕ್ಕೆ ಅರ್ಜಿ ಸಲ್ಲಿಸಿ, ಪ್ರಯಾಣದ ಆದಿ ಅಂತ್ಯಗಳಲ್ಲಿ ಚೀಟಿ ಮುದ್ರಿಸಿಟ್ಟುಕೊಂಡು ಓಡಿಸಬಹುದು. ಆದರೆ ಸಾಮಾನ್ಯವಾಗಿ 15 ದಿನಗಳನ್ನು ಮೀರುವಂತಿಲ್ಲ. ದಾರಿಯಲ್ಲಿ ತಡೆದವರಿಗೆ ಹಿಂದೆ 28 ದಿನಗಳ ದಾಖಲೆ ತೋರಿಸಿದರೆ ಸಾಕಿತ್ತು. 2024ರ ಡಿಸೆಂಬರ್ 31ರಿಂದ ಅಂದಿನ ದಿನದ ಜೊತೆಗೆ ಹಿಂದಿನ 56 ದಿನಗಳದ್ದು ಬೇಕು.

ಸಾರಿಗೆ ಸಂಸ್ಥೆಯ ಹೊಣೆಯೇನೂ ಕಡಮೆಯಲ್ಲ. ಕಾರ್ಡಿನ ವಿವರಗಳನ್ನು 28 ದಿನಗಳಿಗೊಮ್ಮೆಯಾದರೂ, ಯಂತ್ರದ ವಿವರಗಳನ್ನು 90 ದಿನಗಳಿಗೊಮ್ಮೆಯಾದರೂ ಇಳಿಸಿಕೊಳ್ಳುವುದು ಅದರ ಕರ್ತವ್ಯ. ಹಾಗೆ ಇಳಿಸಿಕೊಂಡುದನ್ನು ಚಾಲಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡದೆ, ದಂಡದ ಕಾಗದ ಬಂದ ಮೇಲೆ ಅವನನ್ನು ಗದರಿಸುವ ಮಾಲೀಕನು ನನ್ನ ದೃಷ್ಟಿಯಲ್ಲಿ ಅರ್ಧ ತಪ್ಪಿತಸ್ಥನು. ದಾಖಲೆಗಳನ್ನು ಕನಿಷ್ಠ ಒಂದು ವರ್ಷ ಕಾಪಿಡಬೇಕೆಂದೂ, ಚಾಲಕನು ಕೇಳಿದರೆ ಪ್ರತಿಯನ್ನು ಕೊಡತಕ್ಕದ್ದೆಂದೂ ಶಾಸನವೇ ಹೇಳಿದೆ.