ರಿಲೇ ಬದಲಿಸುವ ಮುನ್ನ: ಟಿಪ್ಪರ್ ಲಾರಿಯ ಪಿ.ಟಿ.ಓ. ದೋಷ ಹುಡುಕುವ ಬಗೆ

ತೋಟದ ಕೆಲಸದವರ ಅಕ್ಕಿ-ಬೇಳೆಗೆಂದು ಬೆಂಗಳೂರಿನ ತರಗುಪೇಟೆಗೆ ಹೋಗುವವರ ಚೀಟಿಯಲ್ಲಿ ಕೊನೆಯ ಸಾಲು ಕೆಲವೊಮ್ಮೆ ‘ಟಿಪ್ಪರಿಗೆ ಒಂದು ರಿಲೇ’ ಎಂದಿರುತ್ತದೆ. ಸಗಟು ಮಳಿಗೆಗಳ ಆ ಓಣಿಗಳಿಂದ ಜೆ.ಸಿ. ರಸ್ತೆಯ ಮೋಟಾರು ಬಿಡಿಭಾಗದ ಅಂಗಡಿಗಳಿಗೂ ಎಸ್.ಪಿ. ರಸ್ತೆಯ ವಿದ್ಯುತ್ ಸಾಮಾನಿನ ಅಂಗಡಿಗಳಿಗೂ ನಡೆದೇ ಹೋಗಬಹುದು. ರಿಲೇ ದುಬಾರಿ ವಸ್ತುವೂ ಅಲ್ಲ. ಆದರೆ ಅಷ್ಟು ದೂರದಿಂದ ತಂದು ಹಾಕಿದ ಮೇಲೂ ಗೊಬ್ಬರ ತುಂಬಿದ ತೊಟ್ಟಿ ಏಳದಿದ್ದರೆ ಒಂದು ದಿನದ ಬಾಡಿಗೆ, ಆಳುಗಳ ಕೂಲಿ ಎರಡೂ ನಷ್ಟ. ಆದ್ದರಿಂದ ಪೇಟೆಗೆ ಚೀಟಿ ಬರೆಯುವ ಮುನ್ನ ತೋಟದಲ್ಲೇ ಮಾಡಬಹುದಾದ ಪರೀಕ್ಷೆಗಳನ್ನು ಇಲ್ಲಿ ವಿವರಿಸಿದ್ದೇವೆ.

ರಿಲೇ ಎಂದರೇನು?

ದೂರ ಹೋಗುವಾಗ ದಣಿದ ಕುದುರೆಯನ್ನು ಕಟ್ಟೆಯಲ್ಲಿ ಬಿಟ್ಟು ಹೊಸ ಕುದುರೆ ಏರುವ ಪದ್ಧತಿಯಿಂದ ಈ ಹೆಸರು ಬಂದಿದೆ. ಚಿಕ್ಕದೇವರಾಜ ಒಡೆಯರು ೧೬೭೨ರಲ್ಲಿ ಆರಂಭಿಸಿದ ಮೈಸೂರು ಅಂಚೆಯಲ್ಲಿ ಒಬ್ಬ ಓಟಗಾರನಿಂದ ಇನ್ನೊಬ್ಬನಿಗೆ ಚೀಲ ಕೈ ಬದಲಾಗುತ್ತಿದ್ದುದೂ ಇದೇ ರೀತಿ. ಲಾರಿಯಲ್ಲಿ ಚಾಲಕನ ಸ್ವಿಚ್ಚಿನಿಂದ ಬರುವ ಸಣ್ಣ ವಿದ್ಯುತ್ತು ರಿಲೇಯೊಳಗಿನ ಸುರುಳಿಯನ್ನು ಅಯಸ್ಕಾಂತವಾಗಿ ಮಾಡುತ್ತದೆ. ಅದು ಒಳಗಿನ ಸಂಪರ್ಕವನ್ನು ಎಳೆದು ಮುಚ್ಚಿದಾಗ ದೊಡ್ಡ ವಿದ್ಯುತ್ತು ಬ್ಯಾಟರಿಯಿಂದ ಸಾಲಿನಾಯ್ಡ್ ವಾಲ್ವಿಗೆ ಹೋಗುತ್ತದೆ. ವಾಲ್ವು ಗಾಳಿ ಬಿಡುತ್ತದೆ, ಗಾಳಿಯ ಒತ್ತಡದಿಂದ ಪಿ.ಟಿ.ಓ. ಗೇರು ಕೂಡಿಕೊಳ್ಳುತ್ತದೆ, ಹೈಡ್ರಾಲಿಕ್ ಪಂಪು ತಿರುಗಿ ತೊಟ್ಟಿ ಏಳುತ್ತದೆ. ಈ ಸರಪಳಿಯಲ್ಲಿ ರಿಲೇ ಒಂದು ಕೊಂಡಿ ಮಾತ್ರ. (ಕೈಸನ್ನೆ ಅಥವಾ ಕೇಬಲಿನಿಂದ ಪಿ.ಟಿ.ಓ. ಹಾಕುವ ಲಾರಿಗಳಿಗೆ ಈ ಲೇಖನ ಅನ್ವಯಿಸುವುದಿಲ್ಲ.)

ಮೊದಲು ಜೀವ, ಆಮೇಲೆ ಕೆಲಸ

ಲಾರಿ ಸಮತಟ್ಟು ನೆಲದಲ್ಲಿರಲಿ. ಹ್ಯಾಂಡ್‌ಬ್ರೇಕ್ ಹಾಕಿ, ಗಾಲಿಗೆ ಅಡ್ಡಗಲ್ಲು ಕೊಟ್ಟು, ಗೇರ್ ನ್ಯೂಟ್ರಲ್ಲಿನಲ್ಲಿಡಿ. ತೊಟ್ಟಿ ಕೆಳಗೇ ಇರಲಿ. ಎದ್ದ ತೊಟ್ಟಿ ಸಿಕ್ಕಿಕೊಂಡಿದ್ದರೆ ಅದನ್ನು ಬರಿದು ಮಾಡಿ ಆಧಾರದ ಊರುಗೋಲು ಕೊಡದೆ ಯಾರೂ ಅದರ ಕೆಳಗೆ ತಲೆ ಹಾಕಕೂಡದು. ಎಣ್ಣೆಯ ಒತ್ತಡವನ್ನು ನಂಬಿ ಕೆಳಗೆ ಮಲಗಿದವನಿಗೆ, ತೊಟ್ಟಿ ಜಾರಿದರೆ ಎದ್ದು ಬರಲು ಸಮಯವಿರುವುದಿಲ್ಲ. ಕೆಳಗಿನ ಪರೀಕ್ಷೆಗಳನ್ನೆಲ್ಲ ಎಂಜಿನ್ ನಿಲ್ಲಿಸಿ, ಕೀಲಿ ಮಾತ್ರ ತಿರುಗಿಸಿ ಮಾಡತಕ್ಕದ್ದು. ಆದರೆ ಗಾಳಿಯ ಮೀಟರನ್ನು ಮೊದಲೇ ನೋಡಿಕೊಳ್ಳಿ. ಒತ್ತಡ ಸಾಲದಿದ್ದರೆ ವಿದ್ಯುತ್ತು ಸರಿಯಿದ್ದರೂ ಗೇರು ಕೂಡುವುದಿಲ್ಲ.

‘ಟಕ್’ ಶಬ್ದ ಬಂತೇ?

ಒಬ್ಬರು ಸ್ವಿಚ್ ಹಾಕಲಿ, ಇನ್ನೊಬ್ಬರು ರಿಲೇ ಮೇಲೆ ಬೆರಳಿಡಲಿ. ಟಕ್ ಎಂದು ಮಿಡಿದರೆ ಸ್ವಿಚ್ಚು, ಸುರುಳಿ ಎರಡೂ ಕೆಲಸ ಮಾಡುತ್ತಿವೆ. ದೋಷವನ್ನು ಸಂಪರ್ಕದಿಂದ ಸಾಲಿನಾಯ್ಡಿನವರೆಗೆ ಹುಡುಕಬೇಕು. ಮಿಡಿಯದಿದ್ದರೆ ಫ್ಯೂಸ್, ಸ್ವಿಚ್, ಸುರುಳಿ, ಅದರ ಅರ್ತಿನ ತಂತಿಗಳನ್ನು ನೋಡಬೇಕು. ಹಲವು ಲಾರಿಗಳಲ್ಲಿ ಕ್ಲಚ್ ಒತ್ತದೆ ಅಥವಾ ಹ್ಯಾಂಡ್‌ಬ್ರೇಕ್ ಹಾಕದೆ ರಿಲೇಗೆ ವಿದ್ಯುತ್ತೇ ಬಾರದಂತೆ ರಕ್ಷಣಾ ಸ್ವಿಚ್ಚುಗಳಿರುತ್ತವೆ ಎಂಬುದನ್ನೂ ನೆನಪಿಡಿ.

ಅನಂತರ ರಿಲೇ ಕಿತ್ತು ಅದರ ಗೂಡನ್ನು ಪರೀಕ್ಷಿಸಿ. ಸಾಮಾನ್ಯವಾಗಿ ೩೦ನೆಯ ಕಾಲಿಗೆ ಬ್ಯಾಟರಿಯಿಂದ ನೇರ ವಿದ್ಯುತ್ತು ಬರುತ್ತದೆ. ೮೭ ಸಾಲಿನಾಯ್ಡಿಗೆ ಹೋಗುತ್ತದೆ. ೮೫, ೮೬ ಸುರುಳಿಯ ಎರಡು ತುದಿಗಳು. ೩೦ರಲ್ಲಿ ವಿದ್ಯುತ್ತಿಲ್ಲದಿದ್ದರೆ ಫ್ಯೂಸ್ ನೋಡಿ. ಸ್ವಿಚ್ ಹಾಕಿದಾಗ ೮೫, ೮೬ರ ನಡುವೆ ಬ್ಯಾಟರಿಯ ಪೂರ್ಣ ವೋಲ್ಟೇಜ್ ಇದ್ದೂ ರಿಲೇ ಮಿಡಿಯದಿದ್ದರೆ ಮಾತ್ರ ರಿಲೇಯನ್ನು ದೂರಬಹುದು.

ಫ್ಯೂಸ್ ಜೋಡಿಸಿದ ತಂತಿಯಿಂದ ೩೦ ಮತ್ತು ೮೭ನ್ನು ಕ್ಷಣಕಾಲ ಮುಟ್ಟಿಸಿ. ಸಾಲಿನಾಯ್ಡ್ ಸದ್ದು ಮಾಡಿದರೆ ಅಲ್ಲಿಯವರೆಗಿನ ತಂತಿ ಸರಿಯಿದೆ. ಆ ತಂತಿಯನ್ನು ಹಾಗೆಯೇ ಬಿಟ್ಟು ಲಾರಿ ಓಡಿಸುವ ‘ಸುಲಭೋಪಾಯ’ ಮಾತ್ರ ಬೇಡ. ರಕ್ಷಣಾ ಸ್ವಿಚ್ಚುಗಳೆಲ್ಲ ಆಗ ವ್ಯರ್ಥವಾಗುತ್ತವೆ.

ಮೀಟರು ಹೇಳುವ ಅರ್ಧಸತ್ಯ

ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾದ ತಂತಿಯಲ್ಲೂ ಮೀಟರು ೨೪ ವೋಲ್ಟ್ ತೋರಿಸಬಲ್ಲದು, ಏಕೆಂದರೆ ಮೀಟರಿಗೆ ಬೇಕಾದ ವಿದ್ಯುತ್ತು ಅತ್ಯಲ್ಪ. ಸಾಲಿನಾಯ್ಡಿಗೆ ಅಷ್ಟು ಸಾಲದು. ಆದ್ದರಿಂದ ಸಾಲಿನಾಯ್ಡಿಗೆ ವಿದ್ಯುತ್ತು ಹರಿಯುತ್ತಿರುವಾಗಲೇ ಅಳೆಯಿರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಋಣ ತುದಿಗೆ, ಇನ್ನೊಂದು ಸಾಲಿನಾಯ್ಡಿನ ಅರ್ತಿನ ತುದಿಗೆ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತು ಕೆಟ್ಟಿದೆ ಎಂದೇ ತಿಳಿಯಿರಿ. ಮಲೆನಾಡಿನ ಮಳೆ, ಕೆಸರು, ಗೊಬ್ಬರದ ಉಪ್ಪು ಸೇರಿ ಚಾಸಿಸ್ ಕೆಳಗಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಶೆಡ್ಡಿನಲ್ಲಿ ನಿಂತ ಲಾರಿಯ ತಂತಿ ಇಲಿಗೂ ಪ್ರಿಯ. ರಿಲೇ ಬದಲಿಸಿದರೂ ಏಳದ ತೊಟ್ಟಿ ಇಂಥ ಅರ್ತು ಉಜ್ಜಿ ಬಿಗಿದ ಮೇಲೆ ಏಳುವುದುಂಟು.

ಬಿಡದ ರಿಲೇ

ಕೂಡದ ಪಿ.ಟಿ.ಓ.ಗಿಂತ ಬಿಡದ ಪಿ.ಟಿ.ಓ. ಹೆಚ್ಚು ಅಪಾಯಕಾರಿ. ಕಿಡಿಯಿಂದ ಸಂಪರ್ಕಗಳು ಬೆಸೆದುಕೊಂಡರೆ ಸ್ವಿಚ್ ತೆಗೆದರೂ ಸಾಲಿನಾಯ್ಡ್ ಬಿಡುವುದಿಲ್ಲ. ರಿಲೇಯನ್ನು ಹೊರತೆಗೆದು ೩೦ ಮತ್ತು ೮೭ ಕಾಲುಗಳ ನಡುವೆ ಪರೀಕ್ಷಿಸಿ. ಆಗಲೂ ವಿದ್ಯುತ್ತು ದಾಟಿದರೆ ಅದನ್ನು ಎಸೆಯಿರಿ. ಪಿ.ಟಿ.ಓ. ಕೂಡಿರುವಾಗಲೇ ರಸ್ತೆಯಲ್ಲಿ ಓಡಿಸಿದರೆ ಪಂಪು ಬಿಡುವಿಲ್ಲದೆ ತಿರುಗಿ ಎಣ್ಣೆ ಕಾಯುತ್ತದೆ, ಪಂಪು ಹಾಳಾಗುತ್ತದೆ. ತೊಟ್ಟಿ ಚಾಲಕನಿಗೆ ತಿಳಿಯದೆ ಎದ್ದರೆ ಮೇಲಿನ ವಿದ್ಯುತ್ ತಂತಿಗೆ ತಾಗಬಹುದು. ಡ್ಯಾಷ್‌ಬೋರ್ಡಿನ ಪಿ.ಟಿ.ಓ. ದೀಪ ಆರದೆ ಲಾರಿ ಕದಲಿಸಕೂಡದೆಂದು ಚಾಲಕನಿಗೆ ತಾಕೀತು ಮಾಡಿರಿ.

ಕೊಳ್ಳುವಾಗ

ರಿಲೇಯೇ ಕೆಟ್ಟಿದೆಯೆಂದು ಖಚಿತವಾದರೆ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ೧೨ ವೋಲ್ಟಿನದನ್ನು ೨೪ ವೋಲ್ಟಿನ ಲಾರಿಗೆ ಹಾಕಿದರೆ ಸುರುಳಿ ಸುಡುತ್ತದೆ. ಕಾಲುಗಳ ಜೋಡಣೆ, ಸಂಪರ್ಕಕ್ಕೆ ಬರೆದ ಆಂಪಿಯರ್, ಒಳಗೆ ಡಯೋಡ್ ಇದೆಯೇ ಎಂಬುದನ್ನು ಹೊದಿಕೆಯ ಮೇಲಿನ ಚಿತ್ರದಲ್ಲಿ ಹೋಲಿಸಿ ನೋಡಿ. ೨೦೨೦ರ ಏಪ್ರಿಲ್‌ನಿಂದ ಜಾರಿಯಾದ ಬಿ.ಎಸ್. ೬ ಮಟ್ಟದ ಲಾರಿಗಳಲ್ಲಿ ಎಂಜಿನ್ನನ್ನು ಇಲೆಕ್ಟ್ರಾನಿಕ್ ಪೆಟ್ಟಿಗೆ ಆಳುತ್ತದೆ. ಪಿ.ಟಿ.ಓ. ತಂತಿಗಳೂ ಆ ಪೆಟ್ಟಿಗೆಗೆ ಹೋಗುತ್ತಿದ್ದರೆ ಅವಕ್ಕೆ ಬಲ್ಬಿನ ಪರೀಕ್ಷಾದೀಪ ಚುಚ್ಚದೆ, ದೋಷದ ಸಂಕೇತ ಓದಬಲ್ಲ ಕುಶಲಿಯ ಬಳಿ ಒಯ್ಯುವುದೇ ಲೇಸು.

ಒಂದು ಮೀಟರು, ಫ್ಯೂಸಿರುವ ಒಂದು ತುಂಡು ತಂತಿ, ಒಂದು ಮರಳುಕಾಗದ ಪ್ರತಿ ಲಾರಿಯ ಸಾಮಾನು ಪೆಟ್ಟಿಗೆಯಲ್ಲಿರಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಎಲ್ಲ ಅರ್ತುಗಳನ್ನೂ ಬಿಚ್ಚಿ ಉಜ್ಜಿ ಬಿಗಿದು ಗ್ರೀಸ್ ಸವರಿಸಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.