ಮನೆಗೆ ವೈರ್ ಇರುವ ಹವಾಮಾನ ಯಂತ್ರ: ಕೊಳ್ಳುವ ಮುನ್ನ ಜಾಗ ನೋಡಿ, ಕೇಬಲ್ ಅಳೆಯಿರಿ

ಕೊಳೆ ಔಷಧಿ ಹೊಡೆಯೋಕೆ, ಅಡಿಕೆ ಒಣಗಿಸೋಕೆ ಮಳೆ, ತೇವಾಂಶದ ಲೆಕ್ಕ ಮನೆಯಲ್ಲೇ ಸಿಕ್ಕರೆ ಅನುಕೂಲ. ಆದರೆ ಯಾವ ಯಂತ್ರ ತಗೋಬೇಕು?

ಜಂಬಿಟ್ಟಿಗೆಯ ದಪ್ಪ ಗೋಡೆ ಇರುವ ಮಲೆನಾಡಿನ ಮನೆಗಳಿಗೆ ವೈರ್ ಇರೋದೇ ವಾಸಿ. ಗೋಡೆ ಅಡ್ಡ ಬಂದು ಸಿಗ್ನಲ್ ತಪ್ಪುವ ಗೋಳಿಲ್ಲ, ಜಡಿಮಳೆಯಲ್ಲಿ ಹೊರಗಿನ ಬ್ಯಾಟರಿ ಬದಲಿಸೋ ಕೆಲಸವೂ ಇಲ್ಲ.

ಕೇಬಲ್ ಎಷ್ಟುದ್ದ ಬೇಕು ಅನ್ನೋದನ್ನು ಜಾಗವೇ ಹೇಳುತ್ತದೆ. ಮಳೆಮಾಪಕ ಬಯಲಲ್ಲಿರಬೇಕು, ಪಕ್ಕದ ಗೋಡೆ, ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರವಿದ್ದರೆ ಒಳ್ಳೇದು. ಉಷ್ಣಾಂಶದ ಸೆನ್ಸರ್ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಬಿಸಿಲು ಬೀಳದಂತೆ, ಗಾಳಿ ಆಡುವಂತೆ ಇರಲಿ. ತಗಡಿನ ಮಾಡಿನ ಮೇಲಿಟ್ಟರೆ ಅದು ತಗಡಿನ ಬಿಸಿಯನ್ನೇ ತೋರಿಸುತ್ತೆ! ಅಲ್ಲಿಂದ ಕಿಟಕಿವರೆಗೆ ಅಳೆದುಕೊಂಡು ಅಂಗಡಿಗೆ ಹೋಗಿ. ಕೇಬಲ್ ಜೋಡಿಸಿ ಉದ್ದ ಮಾಡಬಹುದೇ ಅಂತಲೂ ಅಲ್ಲೇ ಕೇಳಿ.

ವೈರ್‌ಗೆ ಇಬ್ಬರು ಶತ್ರುಗಳು: ಇಲಿ ಮತ್ತು ಸಿಡಿಲು. ಇಲಿಗೆ ಪಿವಿಸಿ ಪೈಪ್ ಸಾಕು. ಹತ್ತಿರ ಸಿಡಿಲು ಬಡಿದರೆ ಮಾತ್ರ ಕೇಬಲ್ ಮೂಲಕ ವಿದ್ಯುತ್ ಮನೆಯೊಳಗೇ ಬರಬಹುದು. ಹಾಗಾಗಿ ಗುಡುಗು ಬರುವ ಸೂಚನೆ ಇದ್ದಾಗಲೇ ಕೇಬಲ್ ಕಳಚಿಡಿ, ಗುಡುಗು ಶುರುವಾದ ಮೇಲೆ ಮುಟ್ಟಬೇಡಿ.

ಮಳೆಮಾಪಕ ಸರಿ ಇದೆಯೇ ಅಂತ ಪರೀಕ್ಷಿಸೋದು ಸುಲಭ. ಬಾಯಿ 16 ಸೆಂ.ಮೀ. ಅಗಲ ಇದ್ದರೆ 200 ಮಿಲಿ ನೀರನ್ನು ನಿಧಾನಕ್ಕೆ ಹನಿಸಿ. ಸುಮಾರು 10 ಮಿ.ಮೀ. ತೋರಿಸಬೇಕು.

ಸರ್ಕಾರಿ ಮಳೆ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಹೋಲಿಸುವಾಗ ಅದೇ ಸಮಯ ಹಿಡಿಯಿರಿ. ಅಂದಹಾಗೆ, ಹವಾಮಾನ ಆಧಾರಿತ ಬೆಳೆ ವಿಮೆಗೆ ಮನೆ ಯಂತ್ರದ ಲೆಕ್ಕ ನಡೆಯಲ್ಲ, ಅಧಿಕೃತ ಮಳೆಮಾಪಕದ್ದೇ ಆಗಬೇಕು.