ಹೆರಿಗೆಯ ಖರ್ಚು ಯಾರ ಹೊಣೆ?

ಮದುವೆಗೆ ಎಷ್ಟು ಖರ್ಚಾಯಿತೆಂದು ಕೇಳಿದರೆ ನಮ್ಮ ಮನೆಗಳಲ್ಲಿ ಪೈಸೆ ಪೈಸೆಯ ಲೆಕ್ಕ ಸಿಗುತ್ತದೆ. ಹೆರಿಗೆಗೆ ಎಷ್ಟಾಯಿತೆಂದು ಕೇಳಿ ನೋಡಿ. ‘ಸರಕಾರಿ ಆಸ್ಪತ್ರೆ, ಏನೂ ಆಗಲಿಲ್ಲ’ ಎನ್ನುತ್ತಾರೆ. ಸ್ವಲ್ಪ ಹೊತ್ತು ಕುಳಿತು ವಿಚಾರಿಸಿದರೆ ಒಂದೊಂದೇ ಹೊರಬರುತ್ತದೆ. ಬಾಡಿಗೆ ಕಾರು, ಹೊರಗೆ ಮಾಡಿಸಿದ ಸ್ಕ್ಯಾನಿಂಗ್, ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡಿದ್ದು, ಜೊತೆಗಿದ್ದವರ ಊಟ, ಮಗುವನ್ನು ತಂದು ತೋರಿಸಿದವರಿಗೆ ಕೊಟ್ಟ ‘ಖುಷಿ’. ಮಗಳ ಜೊತೆಗಿರಲು ಅಡಿಕೆ ಸುಲಿಯುವ ಕೂಲಿ ಬಿಟ್ಟ ತಾಯಿಯ ನಷ್ಟವಂತೂ ಲೆಕ್ಕಕ್ಕೇ ಬರುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಸರಕಾರಿ ಆಸ್ಪತ್ರೆಯ ಒಂದು ಹೆರಿಗೆಗೆ ನಮ್ಮ ದೇಶದ ಕುಟುಂಬಗಳು ಕೈಯಿಂದ ಹಾಕಿದ ಹಣ ಸರಾಸರಿ 2,916 ರೂಪಾಯಿ. ಕರ್ನಾಟಕದಲ್ಲಿ 2015-16ರಲ್ಲಿ ನೂರಕ್ಕೆ 23.6ರಷ್ಟಿದ್ದ ಸಿಸೇರಿಯನ್ ಹೆರಿಗೆ ಈ ಸಮೀಕ್ಷೆಯ ವೇಳೆಗೆ 31.5ಕ್ಕೆ ಏರಿತ್ತು. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯ ಕಡೆಯವರಿಗೆ ದಾರಿಯ ಖರ್ಚೂ ಇದೆ. ‘ಇಲ್ಲಿ ಆಗುವುದಿಲ್ಲ’ ಎಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು. ಶಿಕಾರಿಪುರದಿಂದ ಸುಮಾರು ಐವತ್ತು ಕಿಲೋಮೀಟರು. ಸೊರಬದಿಂದ ಇನ್ನೂ ದೂರ.

ಸಹೋದರಿಯರೇ, ಈ ಖರ್ಚನ್ನು ಮೂರು ಪಾಲು ಮಾಡಿ ನೋಡೋಣ.

ಮೊದಲನೆಯದು ಸರಕಾರದ ಪಾಲು. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಉಚಿತ. ಔಷಧಿ, ರಕ್ತಪರೀಕ್ಷೆ, ಸ್ಕ್ಯಾನಿಂಗ್, ರಕ್ತ ಎಲ್ಲವೂ ಉಚಿತ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ ಊಟವೂ ಸಿಗಬೇಕು. ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ, ಮರಳಿ ಮನೆಗೆ ಬರುವ ವಾಹನಕ್ಕೂ ದುಡ್ಡು ಕೊಡಬೇಕಾಗಿಲ್ಲ. ಇದಕ್ಕೆ ಬಿಪಿಎಲ್ ಕಾರ್ಡ್ ಇರಬೇಕೆಂಬ ನಿಯಮವಿಲ್ಲ. ಇದಲ್ಲದೆ, ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ, 2022ರಿಂದ ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಮಾತೃ ವಂದನಾ ಯೋಜನೆಯಲ್ಲಿ ಸಿಗುತ್ತದೆ. ಅಂಗನವಾಡಿಯಲ್ಲಿ ವಿಚಾರಿಸಿ. ತಾಯಿ ಕಾರ್ಡನ್ನು ಜೋಪಾನವಾಗಿಡಿ. ಔಷಧಿ ಹೊರಗಿನಿಂದ ತನ್ನಿ ಎಂದರೆ ಕಾರಣವನ್ನು ಬರೆದು ಕೊಡಲು ಕೇಳಿ, ರಸೀದಿ ಇಟ್ಟುಕೊಳ್ಳಿ.

ಎರಡನೆಯದು ಗಂಡನ ಪಾಲು. ನಮ್ಮ ಕಡೆ ಚೊಚ್ಚಲ ಹೆರಿಗೆಯೆಂದರೆ ತವರಿನವರ ಹೊರೆ. ಅಪ್ಪ ಸಾಲ ಮಾಡುತ್ತಾನೆ, ಅಮ್ಮನ ಬಳೆ ಗಿರವಿ ಅಂಗಡಿಗೆ ಹೋಗುತ್ತದೆ, ಹರಾಮ್ ಎಂದು ಗೊತ್ತಿದ್ದರೂ ಬಡ್ಡಿ ಕಟ್ಟುತ್ತಾರೆ. ಈ ಪದ್ಧತಿ ನಮಗೆ ದೀನ್‌ನಿಂದ ಬಂದದ್ದಲ್ಲ. ಮಗುವಿನ ತಾಯಿಯ ಅನ್ನ ವಸ್ತ್ರದ ಹೊಣೆಯನ್ನು ಸೂರಃ ಅಲ್ ಬಕರಃದ 233ನೇ ಸೂಕ್ತ ಮಗುವಿನ ತಂದೆಯ ಮೇಲೆ ಹೊರಿಸಿದೆ. ತಲಾಕ್ ಕೊಟ್ಟ ಹೆಂಡತಿ ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೆ ಆಕೆಗೆ ಖರ್ಚು ಕೊಡಬೇಕೆಂದು ಸೂರಃ ಅತ್ತಲಾಕ್ ಹೇಳುತ್ತದೆ. ಬಿಟ್ಟವಳಿಗೇ ಇಷ್ಟು ಹಕ್ಕಿರುವಾಗ ಬಾಳುತ್ತಿರುವವಳಿಗೆ ಇಲ್ಲವೇ? ಮಗಳು ಬಾಣಂತನಕ್ಕೆ ತಾಯಿಯ ಮನೆಗೆ ಬರಲಿ, ಚಿಲ್ಲಾ ಮುಗಿಯುವವರೆಗೆ ಅಮ್ಮನ ಕೈಯ ಬಿಸಿನೀರು ಅವಳಿಗೆ ಸಿಗಲಿ. ಖರ್ಚು ಮಾತ್ರ ಗಂಡನಿಂದ ಬರಲಿ. ತವರಿನವರು ಪ್ರೀತಿಯಿಂದ ಕೊಟ್ಟರೆ ಅದು ಉಡುಗೊರೆ. ಕೇಳಿ ವಸೂಲಿ ಮಾಡುವುದು ಅನ್ಯಾಯ.

ಮೂರನೆಯದು ಯಾರೂ ಕೊಡಬೇಕಾಗಿಲ್ಲದ ಪಾಲು: ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ಕೇಳುವ ಹಣ. ಲಂಚ ಕೊಡುವವರನ್ನೂ ಪಡೆಯುವವರನ್ನೂ ಪ್ರವಾದಿ(ಸ)ರವರು ಶಪಿಸಿದ್ದಾರೆ. ಮಗಳು ನೋವಿನಲ್ಲಿ ನರಳುತ್ತಿರುವಾಗ ಹೆದರಿ ಕೊಟ್ಟ ಬಡ ತಾಯಿಯನ್ನು ನಾನು ದೂರಲಾರೆ. ಆದರೆ ಮನೆಗೆ ಬಂದ ಮೇಲೆ ಸುಮ್ಮನಿರಬೇಡಿ. ಆಡಳಿತ ವೈದ್ಯಾಧಿಕಾರಿಗೆ ಬರೆದು ಕೊಡಿ. ಅಲ್ಲೂ ಕೇಳದಿದ್ದರೆ ಲೋಕಾಯುಕ್ತವಿದೆ. ಒಬ್ಬರೇ ಹೋಗಲು ಅಂಜಿಕೆಯಾದರೆ ಮೊಹಲ್ಲಾದ ನಾಲ್ವರು ಹೆಂಗಸರು ಕೂಡಿ ಹೋಗಿ.

ಗಂಡುಮಕ್ಕಳ ತಾಯಂದಿರೇ, ಕೊನೆಯ ಮಾತು ನಿಮಗೆ. ಸೊಸೆಗೆ ಐದು ತಿಂಗಳಾದಾಗಲೇ ಮಗನನ್ನು ಕೂರಿಸಿಕೊಂಡು ಹೇಳಿ: ‘ವಾರಕ್ಕೆ ಇನ್ನೂರು ರೂಪಾಯಿ ತೆಗೆದಿಡು, ಹುಟ್ಟುವ ಮಗು ನಿನ್ನದು.’ ಇಪ್ಪತ್ತು ವಾರದಲ್ಲಿ ನಾಲ್ಕು ಸಾವಿರವಾಗುತ್ತದೆ. ಬೀಗರ ಮನೆಯ ಬಳೆ ಗಿರವಿಗೆ ಹೋಗದೆ ಉಳಿಯುತ್ತದೆ.